ಊರ ದುಡ್ಡಿನ ಲೆಕ್ಕ ಕೇಳುವ ಮಕ್ಕಳಿಗೆ

ಮಕ್ಕಳೇ, ದಿಲ್ಲಿಯ ಹಗರಣ, ಬೆಂಗಳೂರಿನ ಹಗರಣ ಎಲ್ಲವೂ ನಿಮಗೆ ಬಾಯಿಪಾಠ. ಯಾವ ಮಂತ್ರಿ ಎಷ್ಟು ಕೋಟಿ ನುಂಗಿದ ಎಂಬ ಮಾತು ಟೀ ಅಂಗಡಿಯಲ್ಲಿ ಬೆಳಗಾದರೆ ಶುರುವಾಗುತ್ತದೆ, ಮೊಬೈಲಿನಲ್ಲಿ ಮಧ್ಯರಾತ್ರಿಯವರೆಗೂ ನಡೆಯುತ್ತದೆ. ಆದರೆ ನಿಮ್ಮ ಗ್ರಾಮ ಪಂಚಾಯಿತಿಗೆ ಹೋದ ವರ್ಷ ಎಷ್ಟು ಹಣ ಬಂತು, ಅದರಲ್ಲಿ ಕುಡಿಯುವ ನೀರಿಗೆ ಎಷ್ಟು ಹೋಯಿತು, ನಿಮ್ಮ ಬೀದಿಯ ಚರಂಡಿಗೆ ಎಷ್ಟು ಬಿಲ್ ಆಯಿತು ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತೀರಿ. ಇದಕ್ಕೆ ನಿಮ್ಮನ್ನು ದೂರುವುದಿಲ್ಲ. ಶಾಲೆಯಲ್ಲಿ ರಾಷ್ಟ್ರಪತಿಯ ಅಧಿಕಾರಗಳನ್ನು ಉರು ಹೊಡೆಸಿದರು, ಪಂಚಾಯಿತಿಯ ನಗದು ಪುಸ್ತಕ ಹೇಗಿರುತ್ತದೆ ಎಂದು ಯಾರೂ ತೋರಿಸಲಿಲ್ಲ. ನನ್ನ ಉದ್ಯೋಗದ ಕಾಲವೆಲ್ಲ ಪಂಚಾಯಿತಿ, ಪುರಸಭೆಗಳ ಲೆಕ್ಕ ತಪಾಸಣೆಯಲ್ಲೇ ಕಳೆಯಿತು. ಆ ಕಾಗದಗಳ ನಡುವೆ ನಾನು ಕಂಡುಕೊಂಡದ್ದನ್ನು ನಿಮ್ಮ ಕಿವಿಗೆ ಹಾಕಿ ಹೋಗಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ, ಈ ದುಡ್ಡು ಯಾರದ್ದು ಎಂಬುದು ಮನಸ್ಸಿನಲ್ಲಿ ಗಟ್ಟಿಯಾಗಬೇಕು. ‘ಸರ್ಕಾರದ ದುಡ್ಡು’ ಎಂದು ಹೇಳಿ ಹೇಳಿ ಅದು ಯಾರದ್ದೂ ಅಲ್ಲದ ದುಡ್ಡಾಗಿದೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ನಿಮ್ಮ ಮನೆಯ ಕಂದಾಯದ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಮನೆ ತೆರಿಗೆಯ ಕೆಳಗೆ ಗ್ರಂಥಾಲಯ ಕರ, ಶಿಕ್ಷಣ ಕರ, ಆರೋಗ್ಯ ಕರ ಎಂದು ಸಾಲುಗಳಿರುತ್ತವೆ. ಅಜ್ಜಿ ಸೋಪು ಕೊಂಡರೂ ಅದರೊಳಗೆ ತೆರಿಗೆ ಇದೆ, ಅಪ್ಪ ಬೈಕಿಗೆ ಪೆಟ್ರೋಲು ಹಾಕಿಸಿದರೂ ಇದೆ. ಹೀಗೆ ಹನಿ ಹನಿಯಾಗಿ ಹೋದದ್ದೇ ಅನುದಾನವಾಗಿ ವಾಪಸು ಬರುತ್ತದೆ. 15ನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60 ಪಾಲು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಆ ಅರವತ್ತು ನಿಮ್ಮ ನಲ್ಲಿಯಲ್ಲಿ ಕಾಣಿಸಬೇಕು, ಚರಂಡಿಯಲ್ಲಿ ಕಾಣಿಸಬೇಕು.

ಬಸ್ ತಂಗುದಾಣದ ಮೇಲೆ ಶಾಸಕರ ದೊಡ್ಡ ಫೋಟೋ, ಅದರ ಕೆಳಗೆ ‘ಕೊಡುಗೆ’ ಎಂಬ ಮಾತು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಶಾಸಕರಿಗೆ ಕ್ಷೇತ್ರಾಭಿವೃದ್ಧಿಗೆಂದು ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿ ಗೊತ್ತುಮಾಡಿರುವುದು ಬೊಕ್ಕಸದಿಂದ. ಕೆಲಸ ಸೂಚಿಸುವ ಹಕ್ಕು ಅವರದ್ದು, ಹಣ ನಮ್ಮದು. ತಂಗುದಾಣ ಕಟ್ಟಿಸಿದ್ದಕ್ಕೆ ಅವರಿಗೆ ಧನ್ಯವಾದ ಹೇಳಿ, ಮರ್ಯಾದೆ ಕೊಡಿ. ಹಾರ ಹಾಕಿ ಸಾಲಗಾರರಂತೆ ಕೈಕಟ್ಟಿ ನಿಲ್ಲಬೇಡಿ. ಹಾಗೆ ನಿಂತವರಿಗೆ ‘ಇದಕ್ಕೆ ಎಷ್ಟು ಖರ್ಚಾಯಿತು ಸ್ವಾಮಿ?’ ಎಂದು ಕೇಳಲು ಬಾಯಿ ಬರುವುದಿಲ್ಲ.

ಈಗ ನನ್ನ ಕೆಲಸದ ಒಂದು ಸಂಗತಿ. ಬಯಲುಸೀಮೆಯ ಒಂದು ಪಂಚಾಯಿತಿಯಲ್ಲಿ ಓಚರುಗಳನ್ನು ತಿರುವಿ ಹಾಕುತ್ತಿದ್ದೆ. ಕೊಳವೆಬಾವಿಯ ಮೋಟಾರ್ ರೀವೈಂಡಿಂಗಿಗೆ ಬಿಲ್, ಕೇಬಲಿಗೆ ಬಿಲ್, ಮೋಟಾರ್ ಎತ್ತಿ ಇಳಿಸಿದ ಕೂಲಿಗೆ ಬಿಲ್. ಎಲ್ಲಕ್ಕೂ ಅಂಗಡಿಯ ಮೊಹರಿದೆ, ಸಾಮಾನ್ಯ ಸಭೆಯ ಠರಾವಿದೆ, ಅಧ್ಯಕ್ಷರ ಸಹಿ, ಕಾರ್ಯದರ್ಶಿಯ ಸಹಿ ಇವೆ. ನಿಯಮದ ಕನ್ನಡಕ ಹಾಕಿಕೊಂಡು ನೋಡಿದರೆ ಒಂದು ಕಲೆಯೂ ಇಲ್ಲ. ಮಧ್ಯಾಹ್ನ ಊಟಕ್ಕೆಂದು ಹೊರಗೆ ಬಂದಾಗ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಹೆಂಗಸು ‘ಯಾಕೆ ಬಂದಿದ್ದೀರಿ ಸಾರ್?’ ಅಂದರು. ಹೀಗೆ, ನಿಮ್ಮ ಊರಿನ ಲೆಕ್ಕ ನೋಡಲು ಅಂದೆ. ಮಾತಿಗೆ ಮಾತು ಬಂದು ಮೋಟಾರಿನ ವಿಷಯ ಬಂತು. ಆ ತಾಯಿ ತಕ್ಷಣ ಹೇಳಿದರು: ‘ಅಯ್ಯೋ, ಆ ಬೋರು ಬತ್ತಿ ಹೋಗಿ ಎರಡು ಬೇಸಗೆ ಆಯ್ತಲ್ಲ! ನಾವು ಈಗ ತೋಟದ ಬಾವಿಯಿಂದ ಹೊರೋದು.’

ಬತ್ತಿದ ಬಾವಿಯ ಮೋಟಾರು ಕಾಗದದ ಮೇಲೆ ಸುಡುತ್ತಲೇ ಇತ್ತು, ರಿಪೇರಿ ಆಗುತ್ತಲೇ ಇತ್ತು. ನಾನು ಆಕ್ಷೇಪಣೆ ಬರೆದೆ. ಆದರೆ ಆ ತಾಯಿ ಅಂದು ಕಟ್ಟೆಯ ಮೇಲೆ ಇಲ್ಲದಿದ್ದರೆ ಬರೆಯುತ್ತಿರಲಿಲ್ಲ. ತಪಾಸಣೆಗೆ ಬಂದವನಿಗೆ ಕಾಗದ ಕಾಣುತ್ತದೆ, ಕೆಲಸ ಕಾಣುವುದಿಲ್ಲ. ಊರಿನವರಿಗೆ ಕೆಲಸ ಕಾಣುತ್ತದೆ, ಕಾಗದ ಕಾಣುವುದಿಲ್ಲ. ಊರ ಹಣ ಹೆಚ್ಚಾಗಿ ಸೋರಿ ಹೋಗುವುದು ಈ ಎರಡರ ನಡುವಿನ ಸಂದಿಯಲ್ಲಿ. ನೀವು ಓದಿದವರು, ಊರಿನವರು ಕೂಡ. ಕಾಗದವನ್ನು ಕೆಲಸದ ಪಕ್ಕದಲ್ಲಿ ತಂದು ಇಡಲು ನಿಮ್ಮಂಥವರಿಂದ ಮಾತ್ರ ಆಗುತ್ತದೆ.

ಇದು ನನ್ನ ಸ್ವಂತ ಬುದ್ಧಿಯೇನೂ ಅಲ್ಲ. ರಾಜಸ್ಥಾನದಲ್ಲಿ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಅವರ ಜೊತೆಗಿದ್ದ ಕೂಲಿಕಾರರು, ಸಣ್ಣ ರೈತರು ಸೇರಿ 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕಟ್ಟಿದರು. 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಅವರ ಮೊದಲ ಜನ ಸುನವಾಯಿ, ಅಂದರೆ ಜನರ ಎದುರಿನ ವಿಚಾರಣೆ ನಡೆಯಿತು. ಅಲ್ಲಿ ಮಾಡಿದ್ದು ಇಷ್ಟೇ: ಸರ್ಕಾರಿ ಕಾಮಗಾರಿಯ ಬಿಲ್ಲುಗಳನ್ನೂ ಹಾಜರಿ ಪಟ್ಟಿಗಳನ್ನೂ ಬಯಲಲ್ಲಿ ಗಟ್ಟಿಯಾಗಿ ಓದಿದರು. ಹೆಸರು ಓದಿದಾಗ ‘ನಾನು ಆ ಕೆಲಸಕ್ಕೆ ಹೋಗಿಯೇ ಇಲ್ಲ’ ಎಂದು ಆ ಹೆಸರಿನವರೇ ಎದ್ದು ನಿಂತರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ನಮ್ಮ ದುಡ್ಡು, ನಮ್ಮ ಲೆಕ್ಕ ಎಂಬುದೇ ಅವರ ಘೋಷಣೆ. ಅಕ್ಷರ ಬಾರದ ಹೆಣ್ಣುಮಕ್ಕಳು ಅಲ್ಲಿ ಕೂತಿದ್ದರು. 2005ರಲ್ಲಿ ದೇಶಕ್ಕೆ ಮಾಹಿತಿ ಹಕ್ಕು ಕಾಯ್ದೆ ಬಂದದ್ದರ ಹಿಂದೆ ಆ ಧೂಳಿನ ಧರಣಿಯೂ ಇದೆ. ನಿಮ್ಮಲ್ಲಿ ಯಾರಾದರೂ ‘ನಮ್ಮಂಥವರಿಂದ ಏನಾಗುತ್ತೆ ಬಿಡಿ’ ಅಂದಾಗ ನನಗೆ ಆ ಹೆಣ್ಣುಮಕ್ಕಳೇ ನೆನಪಾಗುತ್ತಾರೆ.

ದೊಡ್ಡ ಪ್ರಕರಣದಲ್ಲೂ ಸತ್ಯ ಹೊರಬಂದದ್ದು ಇದೇ ದಾರಿಯಲ್ಲಿ. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಕೊಟ್ಟ ವರದಿ ನೋಡಿ. ಪರ್ಮಿಟ್ಟಿನಲ್ಲಿ ಬರೆದ ಅದಿರು ಎಷ್ಟು, ಬಂದರಿನಿಂದ ಹಡಗು ಹತ್ತಿದ ಅದಿರು ಎಷ್ಟು ಎಂದು ಪಕ್ಕ ಪಕ್ಕ ಇಟ್ಟು ನೋಡಿದಾಗ, 2006ರಿಂದ 2010ರ ನಡುವೆ ಪರ್ಮಿಟ್ಟೇ ಇಲ್ಲದೆ ಸುಮಾರು 2 ಕೋಟಿ 98 ಲಕ್ಷ ಟನ್ ಅದಿರು ಹೊರಗೆ ಹೋಗಿದೆ ಎಂಬುದು ಹೊರಬಿತ್ತು. ವರದಿ ಬಂದ ಕೆಲವೇ ದಿನಗಳಲ್ಲಿ ಅಂದಿನ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಭಾಷಣದಿಂದ ಆಗದ್ದು ತಾಳೆ ನೋಡಿದ್ದರಿಂದ ಆಯಿತು.

ನಿಮ್ಮ ಬೀದಿಯ ಸಿ.ಸಿ. ರಸ್ತೆಯಿಂದಲೇ ಕಲಿಯಲು ಶುರುಮಾಡಿ. ಯಾವ ಕಾಮಗಾರಿಗೂ ಒಂದು ಜಾತಕ ಇರುತ್ತದೆ. ವರ್ಷದ ಕ್ರಿಯಾ ಯೋಜನೆಯಲ್ಲಿ ಅದರ ಹೆಸರು ಇರಬೇಕು. ಎಂಜಿನಿಯರು ಮಾಡಿದ ಅಂದಾಜು ಪಟ್ಟಿ ಇರಬೇಕು. ಕೆಲಸ ಮುಗಿದ ಮೇಲೆ ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ, ಉದ್ದ ಅಗಲ ದಪ್ಪ ಬರೆದು ಸಹಿ ಆಗಿರಬೇಕು. ಆಮೇಲೆ ಬಿಲ್. ಅಂದಾಜಿನಲ್ಲಿ 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಎಂದಿದ್ದರೆ 45 ಘನ ಮೀಟರ್ ಕಾಂಕ್ರೀಟು ಬೀಳಬೇಕು. ದಪ್ಪ 10 ಸೆಂಟಿಮೀಟರಿಗೆ ಇಳಿದರೆ ಬಿದ್ದದ್ದು 30 ಘನ ಮೀಟರ್. ಮೂರರಲ್ಲಿ ಒಂದು ಪಾಲು ಹೋಯಿತು. ರಸ್ತೆ ನೋಡಲು ಚೆನ್ನಾಗಿಯೇ ಇರುತ್ತದೆ, ಹಾಕಿದ ದಿನ ತೆಂಗಿನಕಾಯಿ ಒಡೆದು ಫೋಟೋ ತೆಗೆಸಿಕೊಂಡೂ ಆಗಿರುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಗುಂಡಿ ಬೀಳುತ್ತದೆ, ಅದಕ್ಕೆ ಮತ್ತೆ ದುರಸ್ತಿಯ ಬಿಲ್ ಹುಟ್ಟುತ್ತದೆ.

ಅಂಚಿನಲ್ಲಿ ಮಾತ್ರ ಪೂರ್ತಿ ದಪ್ಪ ತೋರಿಸಿ, ನಡುವೆ ಮಣ್ಣು ಉಬ್ಬಿಸಿ ತೆಳುವಾಗಿ ಎಳೆಯುವುದೂ ಉಂಟು. ಆದ್ದರಿಂದ ನೋಡಬೇಕಾದದ್ದು ಕಾಂಕ್ರೀಟು ಬೀಳುವ ಮೊದಲು. ಹಲಗೆ ಕಟ್ಟಿರುವಾಗ ಎರಡೂ ಬದಿಗೆ ಒಂದು ದಾರ ಎಳೆದು ಹಿಡಿಯಿರಿ, ನಡುವೆ ದಾರದಿಂದ ನೆಲದವರೆಗೆ ಟೇಪು ಇಳಿಸಿ ನೋಡಿ, ಫೋಟೋ ತೆಗೆದಿಡಿ. ಆಗಲೇ ಹೇಳಿದರೆ ಗುತ್ತಿಗೆದಾರನೂ ಸರಿಮಾಡಿ ಹಾಕುತ್ತಾನೆ, ನಿಮಗೂ ಜಗಳ ತಪ್ಪುತ್ತದೆ. ಕೆಲಸ ಮುಗಿದು ಬಿಲ್ ಆಗಿ ವರ್ಷವಾದ ಮೇಲೆ ಕೂಗಿದರೆ ಊರಲ್ಲಿ ಹಗೆ ಹುಟ್ಟುತ್ತದೆಯೇ ಹೊರತು ರಸ್ತೆ ದಪ್ಪವಾಗುವುದಿಲ್ಲ. ಇನ್ನೊಂದನ್ನೂ ಗಮನಿಸಿ. ಒಂದೇ ರಸ್ತೆಯನ್ನು ‘ರಾಮಣ್ಣನ ಮನೆಯಿಂದ ದೇವಸ್ಥಾನದವರೆಗೆ’, ‘ದೇವಸ್ಥಾನದಿಂದ ಅರಳಿಕಟ್ಟೆಯವರೆಗೆ’ ಎಂದು ತುಂಡು ತುಂಡು ಮಾಡಿದ್ದರೆ, ಟೆಂಡರ್ ಕರೆಯಬೇಕಾದ ಮೊತ್ತದಿಂದ ತಪ್ಪಿಸಿಕೊಳ್ಳಲು ಹಾಗೆ ಮಾಡಿದ್ದಾರೆಯೇ ಎಂದು ಕೇಳುವುದು ನಿಮ್ಮ ಹಕ್ಕು.

ಈ ಕಾಗದಗಳು ಸಿಗುವುದು ಹೇಗೆ? ಮೊದಲು ಪಂಚಾಯಿತಿಗೆ ಹೋಗಿ ಬಾಯಿಮಾತಿನಲ್ಲಿ, ಮರ್ಯಾದೆಯಿಂದ ಕೇಳಿ. ಕೇಳಿದ ಕೂಡಲೇ ಎದ್ದು ಕಡತ ತೆಗೆದುಕೊಟ್ಟ ಪಿಡಿಒಗಳು, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಎಷ್ಟೋ ಜನ ಇದ್ದಾರೆ. ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ಪಂಚಾಯಿತಿಯ ಜಮೆ, ಖರ್ಚು ಮೊಬೈಲಿನಲ್ಲೇ ಕಾಣುತ್ತವೆ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದ್ದೇ ಇದೆ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ, ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗ. ‘ಪಂಚಾಯಿತಿಯಲ್ಲಿ ನಡೆದ ಎಲ್ಲಾ ಭ್ರಷ್ಟಾಚಾರದ ವಿವರ ಕೊಡಿ’ ಎಂದು ಬರೆದರೆ ಏನೂ ಬರುವುದಿಲ್ಲ. ‘ಇಂಥ ವರ್ಷದ ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟ, ಬಿಲ್ಲಿನ ದೃಢೀಕೃತ ನಕಲು ಕೊಡಿ’ ಎಂದು ಬರೆಯಿರಿ. ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸಲು, ಬಳಸಿದ ಸಾಮಗ್ರಿಯ ಮಾದರಿ ಪಡೆಯಲು ಕೂಡ ಆ ಕಾಯ್ದೆಯಲ್ಲಿ ಅವಕಾಶ ಇದೆ. ಲೆಕ್ಕಪರಿಶೋಧನಾ ವರದಿಯನ್ನು ಮರೆಯದೆ ಕೇಳಿ. ನಮ್ಮಂಥವರು ಬರೆದ ಆಕ್ಷೇಪಣೆಯ ಕಂಡಿಕೆಗಳು ‘ಅನುಪಾಲನಾ ವರದಿ ನಿರೀಕ್ಷಿಸಿದೆ’ ಎಂಬ ಸಾಲಿನೊಂದಿಗೆ ವರ್ಷಗಟ್ಟಲೆ ಕಪಾಟಿನಲ್ಲಿ ಮಲಗಿರುತ್ತವೆ. ಊರಿನವರು ಕೇಳಿದ ಕಂಡಿಕೆಗೆ ಮಾತ್ರ ಬೇಗ ಉತ್ತರ ಬರೆದದ್ದನ್ನು ನಾನು ಕಂಡಿದ್ದೇನೆ.

ಕಾಗದ ಕೈಗೆ ಬಂದ ಮೇಲೆ ಗ್ರಾಮಸಭೆಗೆ ಹೋಗಿ. ಈ ಗ್ರಾಮಸಭೆಯನ್ನು ಯಾರೂ ಸುಲಭವಾಗಿ ಕೊಟ್ಟದ್ದಲ್ಲ. ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಯಾಗಿದ್ದಾಗ, ಅಧಿಕಾರ ವಿಧಾನಸೌಧದಿಂದ ಹಳ್ಳಿಗೆ ಇಳಿಯಬೇಕೆಂದು ಹಟ ಹಿಡಿದು 1983ರ ಪಂಚಾಯತ್ ಕಾಯ್ದೆ ತಂದರು. ದೇಶದ ಸಂವಿಧಾನಕ್ಕೆ 73ನೇ ತಿದ್ದುಪಡಿ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಕರ್ನಾಟಕ ಆ ದಾರಿ ತುಳಿಯಿತು. ಅಂಥ ಸಭೆಗೆ ಇಂದು ಏನಾಗಿದೆ? ಮತದಾರರಲ್ಲಿ ಹತ್ತನೇ ಒಂದು ಪಾಲು ಅಥವಾ ನೂರು ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಸೇರಿದರೆ ಕೋರಂ ಆಗುತ್ತದೆ. ಆ ನೂರು ಜನವೂ ಬರುವುದಿಲ್ಲ. ಮನೆ ಮನೆಗೆ ನಡಾವಳಿ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಬಸವ ವಸತಿಯ ಮನೆ ಯಾರಿಗೆ ಎಂಬುದು ಸಭೆಯಲ್ಲಿ ತೀರ್ಮಾನವಾಗಬೇಕು, ತೀರ್ಮಾನವಾಗುವುದು ಯಾರದೋ ಮನೆಯ ಜಗಲಿಯಲ್ಲಿ. ಸಭೆಗೆ ಹೋಗದೆ ಮನೆಯಲ್ಲೇ ಸಹಿ ಹಾಕಿದ ನಿಮ್ಮ ಅಪ್ಪನಿಗೂ ಅಮ್ಮನಿಗೂ ಇದನ್ನು ಬಿಡಿಸಿ ಹೇಳಿ. ಆ ಸಹಿಯ ಮೇಲೆಯೇ ಆಮೇಲೆ ಬಿಲ್ಲು ಪಾಸಾಗುತ್ತದೆ.

ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಜಮೆ ಖರ್ಚನ್ನು ಓದಿ ಹೇಳಿ, ಕಡತ ಮುಂದಿಟ್ಟು, ಆದ ಕೆಲಸಗಳನ್ನು ಊರಿನವರ ಜೊತೆ ಹೋಗಿ ನೋಡಬೇಕಾದ ದಿನ ಅದು. ನನ್ನನ್ನು ಕೇಳಿದರೆ ವರ್ಷದಲ್ಲಿ ನೀವು ತಪ್ಪಿಸಬಾರದ ದಿನ ಇದೊಂದೇ. ಬೆಂಗಳೂರಿನಲ್ಲಿ ಕೆಲಸ ಮಾಡುವವರು ಜಾತ್ರೆಗೆ ರಜೆ ಹಾಕಿ ಬರುವ ಹಾಗೆ ಇದಕ್ಕೂ ಒಂದು ದಿನ ರಜೆ ಹಾಕಿ ಬನ್ನಿ. ದಿನಾಂಕವನ್ನು ಮೊದಲೇ ವಿಚಾರಿಸಿ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ. ಹಾಲಿನ ಡೇರಿಯ ಗೋಡೆಗೂ ಒಂದು ಚೀಟಿ ಅಂಟಿಸಿ, ಮೊಬೈಲ್ ಇಲ್ಲದವರು ನೋಡುವುದು ಅಲ್ಲೇ.

ಸಭೆಯಲ್ಲಿ ಮಾತಾಡುವಾಗ ‘ಕಳ್ಳ’ ಎಂಬ ಮಾತು ನಿಮ್ಮ ಬಾಯಿಂದ ಬರಬಾರದು. ‘ಅಧ್ಯಕ್ಷರೇ, ಅಳತೆ ಪುಸ್ತಕದಲ್ಲಿ 15 ಸೆಂಟಿಮೀಟರ್ ಎಂದಿದೆ, ನಾವು ಅಳೆದಾಗ 10 ಬಂತು, ದಯವಿಟ್ಟು ವಿವರಿಸಿ’ ಅನ್ನಿ. ಅಷ್ಟು ಹೇಳಿ ಸುಮ್ಮನೆ ಕೂತುಕೊಳ್ಳಿ. ಉತ್ತರ ಬರುವವರೆಗೆ ಸಭೆಯೂ ಸುಮ್ಮನಿರುತ್ತದೆ. ನೀವು ಬೈದರೆ ಆಮೇಲಿನ ಚರ್ಚೆಯೆಲ್ಲ ನಿಮ್ಮ ಬಾಯಿಯ ಬಗ್ಗೆ ನಡೆದು ರಸ್ತೆಯ ಮಾತು ಹಿಂದೆ ಬೀಳುತ್ತದೆ. ನೀವು ಕೇಳಿದ ಪ್ರಶ್ನೆ, ಅವರು ಕೊಟ್ಟ ಉತ್ತರ ನಡಾವಳಿಯಲ್ಲಿ ದಾಖಲಾಯಿತೇ ಎಂದು ಎದ್ದು ಹೋಗುವ ಮೊದಲು ನೋಡಿ. ಅಧ್ಯಕ್ಷೆ ಹೆಣ್ಣುಮಗಳಾಗಿದ್ದರೆ ಪ್ರಶ್ನೆಯನ್ನು ಅವರಿಗೇ ಕೇಳಿ, ಪಕ್ಕದಲ್ಲಿ ನಿಂತ ಗಂಡನಿಗೆ ಬೇಡ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಅವರನ್ನು ಕೇಳುವುದರಲ್ಲಿ ಅವರಿಗೆ ಗೌರವವೂ ಇದೆ. ‘ನನಗೆ ಗೊತ್ತಿಲ್ಲ, ತಿಳಿದುಕೊಂಡು ಹೇಳುತ್ತೇನೆ’ ಎಂದು ಒಮ್ಮೆ ಹೇಳಿದ ಹೆಣ್ಣುಮಗಳು ಮುಂದಿನ ಸಭೆಗೆ ಕಡತ ಓದಿಕೊಂಡೇ ಬರುತ್ತಾಳೆ.

ಇನ್ನು ಹೇಳುವುದು ನಿಮಗೆ ಸ್ವಲ್ಪ ಕಹಿಯಾಗಬಹುದು. ಚುನಾವಣೆಯ ಹಿಂದಿನ ರಾತ್ರಿ ಕವರ್ ತೆಗೆದುಕೊಂಡ ಮನೆ ಐದು ವರ್ಷ ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ. ‘ನಿನಗೆ ಕೊಟ್ಟಿದ್ದೇನಲ್ಲ’ ಎಂದು ಗೆದ್ದವನು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ, ಇಬ್ಬರ ಕಣ್ಣಿಗೂ ಅದು ಗೊತ್ತಿರುತ್ತದೆ. 2020ರ ಡಿಸೆಂಬರಿನ ಪಂಚಾಯಿತಿ ಚುನಾವಣೆಯಲ್ಲಿ ಕೆಲವು ಊರುಗಳು ಸದಸ್ಯ ಸ್ಥಾನವನ್ನೇ ಹರಾಜು ಹಾಕಿ, ಬಂದ ಹಣವನ್ನು ದೇವಸ್ಥಾನಕ್ಕೆ ಕೊಟ್ಟ ಸುದ್ದಿ ಬಂತು. ದೇವರ ಹೆಸರು ಹೇಳಿದರೂ ಅದು ಮಾರಾಟವೇ. ಲಕ್ಷ ಕೊಟ್ಟು ಕುರ್ಚಿ ಕೊಂಡವನು ಆ ಲಕ್ಷವನ್ನು ಚರಂಡಿಯ ಸಿಮೆಂಟಿನಲ್ಲಿ, ಬೀದಿದೀಪದ ಬಲ್ಬಿನಲ್ಲಿ ಹುಡುಕುತ್ತಾನೆ.

ಗೆದ್ದವರ ಮೇಲೆ ನಾವು ಹೊರಿಸುವ ಭಾರವನ್ನೂ ನೋಡಿ. ಕ್ರಿಕೆಟ್ ಟೂರ್ನಮೆಂಟಿಗೆ ಮೊದಲ ಬಹುಮಾನ ಅವರದ್ದು, ಗಣೇಶನ ಪೆಂಡಾಲು ಅವರದ್ದು, ಅಣ್ಣಮ್ಮನ ಉತ್ಸವದ ಆರ್ಕೆಸ್ಟ್ರಾ ಅವರದ್ದು, ಮದುವೆ ಮದುವೆಗೆ ಮುಯ್ಯಿ, ತಿಥಿಗೆ ಅಕ್ಕಿ. ಪಂಚಾಯಿತಿ ಸದಸ್ಯನಿಗೆ ತಿಂಗಳಿಗೆ ಸಿಗುವ ಗೌರವಧನದಲ್ಲಿ ಒಂದು ಟೂರ್ನಮೆಂಟಿನ ಟ್ರೋಫಿಯೂ ಬರುವುದಿಲ್ಲ. ನೇರವಾಗಿ ನಡೆಯಬೇಕೆಂದು ಬಂದ ಎಷ್ಟೋ ಒಳ್ಳೆಯ ಹುಡುಗರನ್ನು ಈ ಚಂದಾ ಪುಸ್ತಕಗಳೇ ಕೆಡಿಸಿದವು. ಆ ಪುಸ್ತಕ ಹಿಡಿದು ಹೋಗುವವರು ನೀವೇ, ಬೇರೆ ಯಾರೂ ಅಲ್ಲ. ನಿಮ್ಮ ಸಂಘದ ಆಟಕ್ಕೆ ನಿಮ್ಮ ಕೈಯಿಂದಲೇ ಹಾಕಿಕೊಳ್ಳಿ, ಬಹುಮಾನ ಚಿಕ್ಕದಾದರೂ ಆಗಲಿ.

ಲೆಕ್ಕವನ್ನು ನಿಮ್ಮವರನ್ನೂ ಕೇಳಿ. ನಿಮ್ಮ ಜಾತಿಯವನು, ನಿಮ್ಮ ಪಕ್ಷದವನು, ನಿಮ್ಮ ಸೋದರಮಾವ ಅಧ್ಯಕ್ಷನಾದಾಗಲೂ ಅದೇ ಟೇಪು, ಅದೇ ಅರ್ಜಿ ಹೊರಗೆ ಬರಬೇಕು. ಎದುರು ಪಾರ್ಟಿಯವರನ್ನು ಮಾತ್ರ ಕೇಳುವವರನ್ನು ಊರು ಬೇಗ ಗುರುತು ಹಿಡಿಯುತ್ತದೆ, ಆಮೇಲೆ ನೀವು ನಿಜ ಹೇಳಿದರೂ ನಂಬುವುದಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದಾಗ, ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ಆಗದವರು ಚಾಡಿ ಹೇಳಿದರು. ಬಸವಣ್ಣ ಭಂಡಾರ ತೆರೆದು ಲೆಕ್ಕ ಒಪ್ಪಿಸಿದರು ಎಂಬ ಕಥೆಯನ್ನು ನೀವೂ ಕೇಳಿರುತ್ತೀರಿ. ಅಂಥ ಮಹನೀಯರೇ ಲೆಕ್ಕ ಕೇಳಿದರೆಂದು ಮುನಿಸಿಕೊಳ್ಳಲಿಲ್ಲ. ನಮ್ಮ ವಾರ್ಡಿನ ಸದಸ್ಯರು ಮುನಿಸಿಕೊಳ್ಳುವುದಕ್ಕೆ ಕಾರಣವೇ ಇಲ್ಲ.

ಹಾಗೆಂದು ಅಪಾಯ ಇಲ್ಲವೆಂದು ಹೇಳಿ ನಿಮ್ಮನ್ನು ಕಳಿಸಲಾರೆ. ಜಾರ್ಖಂಡಿನ ಪಲಾಮು ಜಿಲ್ಲೆಯಲ್ಲಿ ಉದ್ಯೋಗ ಖಾತರಿಯ ಸಾಮಾಜಿಕ ಪರಿಶೋಧನೆಗೆ ಕೆಲಸ ಮಾಡುತ್ತಿದ್ದ ಲಲಿತ್ ಮೆಹ್ತಾ ಎಂಬ ಯುವಕನನ್ನು 2008ರ ಮೇ ತಿಂಗಳಲ್ಲಿ ಕೊಂದರು. ಆದ್ದರಿಂದ ಒಬ್ಬರೇ ಹೋಗಬೇಡಿ. ಐದಾರು ಜನ ಸೇರಿ, ಅದರಲ್ಲಿ ಹೆಣ್ಣುಮಕ್ಕಳಿರಲಿ, ಎಲ್ಲ ಕೇರಿಯವರೂ ಇರಲಿ. ಅರ್ಜಿಗಳನ್ನು ಬೇರೆ ಬೇರೆಯವರ ಹೆಸರಲ್ಲಿ ಹಾಕಿ. ಸಿಕ್ಕ ಕಾಗದವನ್ನು ಒಬ್ಬರ ಮನೆಯಲ್ಲಿ ಬಚ್ಚಿಡದೆ ಎಲ್ಲರಿಗೂ ಹಂಚಿ. ಹತ್ತು ಜನಕ್ಕೆ ಗೊತ್ತಾದ ಕಾಗದಕ್ಕಾಗಿ ಒಬ್ಬನನ್ನು ಹೆದರಿಸಿ ಉಪಯೋಗವಿಲ್ಲ ಎಂಬುದು ಹೆದರಿಸುವವರಿಗೂ ಗೊತ್ತು. ಇನ್ನೊಂದು ಮಾತನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ: ಮಾಹಿತಿ ಹಕ್ಕಿನ ಕಾಗದ ತೋರಿಸಿ ಗುತ್ತಿಗೆದಾರನಿಂದ ಒಂದು ಟೀ ಕೂಡ ಕುಡಿಯಬೇಡಿ. ಅರ್ಜಿ ಹಾಕಿ ಆಮೇಲೆ ವಾಪಸು ಪಡೆದು ಜೇಬು ತುಂಬಿಕೊಂಡವರಿಂದಲೇ ಈ ಕಾಯ್ದೆಗೆ ಹೆಚ್ಚು ಕೆಟ್ಟ ಹೆಸರು ಬಂದಿದೆ.

ನಿಮ್ಮಲ್ಲಿ 21 ತುಂಬಿದವರು ಚುನಾವಣೆಗೆ ನಿಲ್ಲಬಹುದು. ನಿಲ್ಲಿ ಎಂದೇ ನಾನು ಹೇಳುವುದು. ಗೆದ್ದ ಮೇಲೆ ನಿಮ್ಮ ವಾರ್ಡಿನ ಪ್ರತಿ ಕಾಮಗಾರಿಯ ಅಂದಾಜು ಮೊತ್ತ, ಗುತ್ತಿಗೆದಾರನ ಹೆಸರು, ಉದ್ದ ಅಗಲ ದಪ್ಪ, ಕೊಟ್ಟ ಬಿಲ್ಲು, ಇಷ್ಟನ್ನು ಕೆಲಸ ನಡೆಯುವ ಜಾಗದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ. ಬಿಲ್ಲಿಗೆ ಸಹಿ ಹಾಕುವ ಹಿಂದಿನ ಸಂಜೆ ಆ ಬೀದಿಯ ನಾಲ್ಕು ಮನೆಯವರನ್ನು ಕರೆದುಕೊಂಡು ಹೋಗಿ ನೀವೇ ಅಳೆಯಿರಿ. ನಿಮಗಿಂತ ಚಿಕ್ಕ ಹುಡುಗಿಯೊಬ್ಬಳು ಸಭೆಯಲ್ಲಿ ಎದ್ದು ಅಳತೆ ಪುಸ್ತಕ ಕೇಳಿದರೆ ‘ಯಾರ ಮಗಳಮ್ಮಾ ನೀನು?’ ಎಂದು ಕೇಳಬೇಡಿ. ಪುಸ್ತಕ ತರಿಸಿ, ಪುಟ ತೆಗೆದು ಅವಳ ಕೈಗೆ ಕೊಡಿ.